ದೊಡ್ಡಮ್ಮನ ಹಂಚಿನ ವೈದ್ಯ

ಮಂಗಳೂರು ಹಂಚು ಇರುವುದು ಮನೆಯ ಮಾಡಿಗೆ ಹೊದೆಸಲು ಎಂದು ನೀವು ತಿಳಿದಿದ್ದರೆ, ನನ್ನ ದೊಡ್ಡಮ್ಮನನ್ನು ನೀವು ಕಂಡಿಲ್ಲವೆಂದೇ ಅರ್ಥ! ಅವಳ ಪ್ರಕಾರ ಹಂಚು ಹುಟ್ಟಿದ್ದೇ ಹೆಂಗಸರ ಹೊಟ್ಟೆಯ ಮೇಲೆ ಇಡಲು. ಒಡೆದ ಚೂರನ್ನು ಒಲೆಯಲ್ಲಿ ಕಾಯಿಸಿ, ಹಳೆಯ ಸೀರೆಯಲ್ಲಿ ದಪ್ಪಗೆ ಸುತ್ತಿ ಕಿಬ್ಬೊಟ್ಟೆಗೆ ಇಟ್ಟರೆ ತಿಂಗಳ ನೋವು ಬಾಲ ಮುದುರಿಕೊಂಡು ಓಡಬೇಕು! ಒಡೆದ ಹಂಚು ಸಿಗದಿದ್ದರೆ? ನಮ್ಮ ಮಾಡಿನಲ್ಲೇ ಒಂದು ಕಡಿಮೆಯಾಗುತ್ತಿತ್ತು. ಮಳೆಗಾಲದಲ್ಲಿ ದೊಡ್ಡಪ್ಪ ಹಾಸಿಗೆ ಎಳೆದುಕೊಂಡು ಕೋಣೆಯೆಲ್ಲ ಸುತ್ತುತ್ತಿದ್ದರು.

ಮುಟ್ಟಿನ ಮಾತನ್ನು ಗೋಡೆಗೂ ಕೇಳಿಸದಂತೆ ಆಡುತ್ತಿದ್ದ ಕಾಲವದು. ದೊಡ್ಡಮ್ಮನ ಗಂಟಲೋ, ಬಂದರಿನಲ್ಲಿ ಕೂಗಿದರೆ ಗುಡ್ಡದ ಮೇಲಿನ ಬಲ್ಮಠಕ್ಕೆ ಕೇಳಬೇಕು!

ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ಬೆಳಿಗ್ಗೆಯೇ ನನಗೆ ನೋವು ಶುರುವಾಯಿತು. ನೆಟ್ಟಗೆ ನಿಲ್ಲಲಾಗದು. "ಈ ಸಲ ಬೇಡ, ಮುಂದಿನ ವರ್ಷ ಬರೆದರಾಯ್ತು," ಎಂದಳು ಅಮ್ಮ. ಮುಂದಿನ ವರ್ಷವೆಂದರೆ ಪರೀಕ್ಷೆಯಲ್ಲ, ಮದುವೆ ಎಂದು ನನಗೆ ಗೊತ್ತಿತ್ತು. ದೊಡ್ಡಮ್ಮ ಟಿಫಿನ್ ಕ್ಯಾರಿಯರಿನ ತಳದ ಡಬ್ಬಿಗೆ ಕೆಂಡ, ಮೇಲಿನವಕ್ಕೆ ಹಂಚು ತುಂಬಿದಳು. ನನ್ನ ರಟ್ಟೆ ಹಿಡಿದು ಬಸ್ಸು ಹತ್ತಿಸಿದಳು.

ಹಂಪನಕಟ್ಟೆಯ ಹತ್ತಿರ ಕ್ಯಾರಿಯರ್ ಕಂಡಕ್ಟರನ ಮೊಣಕಾಲಿಗೆ ತಾಗಿತು.

"ಅಯ್ಯಯ್ಯೋ! ಇದರಲ್ಲಿ ಎಂತ ಉಂಟು ಅಮ್ಮಾ?"

"ಹಂಚು ಮಾರಾಯ. ನಿನಗೆ ಬೇಕಾ?"

ಇಳಿಯುವವರೆಗೂ ಅವನು ನಮ್ಮ ಕಡೆ ಸುಳಿಯಲಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ನನ್ನ ಮಡಿಲಲ್ಲಿದ್ದ ಹಂಚಿನ ಗಂಟನ್ನು ಕಂಡ ಮಾಸ್ತರರು, ನಕಲು ಚೀಟಿಯೇ ಇರಬೇಕೆಂದು ಕೈ ಹಾಕಿದರು. ಹಾಕಿದ್ದಕ್ಕಿಂತ ಬೇಗ ತೆಗೆದರು! ಅಷ್ಟರಲ್ಲಿ ಕಿಟಕಿಯ ಹೊರಗಿನಿಂದ ದೊಡ್ಡಮ್ಮನ ಗುಡುಗು:

"ಅವಳಿಗೆ ಮುಟ್ಟಿನ ನೋವು ಮಾಸ್ಟ್ರೇ! ಅದು ಶಾಖಕ್ಕೆ! ನಿಮ್ಮ ಮನೆಯಲ್ಲಿ ಹೆಂಗಸರು ಇಲ್ಲವಾ?"

ಮಾಸ್ತರರು ಗೋಡೆಯ ಗಡಿಯಾರವನ್ನು ಓದತೊಡಗಿದರು. ನಾನು ಭೂಮಿ ಬಾಯ್ಬಿಡಲೆಂದು ಕಾದೆ. ಆಗ ಹಿಂದಿನ ಬೆಂಚಿನಿಂದ ಒಂದು ಸಣ್ಣ ಸ್ವರ ಬಂತು: "ಅಮ್ಮಾ, ಇನ್ನೊಂದು ಉಂಟಾ?"

ಇಲ್ಲದೆ ಇರುತ್ತದೆಯೇ! ಕಿಟಕಿಯ ಸರಳುಗಳ ನಡುವಿನಿಂದ ಎರಡನೆಯ ಗಂಟು ಒಳಗೆ ಬಂತು. ಮಾಸ್ತರರೇ ಅದನ್ನು ಕರವಸ್ತ್ರದಲ್ಲಿ ಹಿಡಿದು ಆ ಹುಡುಗಿಗೆ ಮುಟ್ಟಿಸಿದರು. ನನ್ನ ನಾಚಿಕೆಯೆಲ್ಲ ಎಲ್ಲಿ ಹೋಯಿತೋ! ಇಡೀ ಊರಿನಲ್ಲಿ ಇಂಥ ದೊಡ್ಡಮ್ಮ ಬೇರೆ ಯಾರಿಗುಂಟು ಎಂದು ತಲೆಯೆತ್ತಿ ಕೂತು ಬರೆದೆ.

ಹೊರಗೆ ಬಂದಾಗ ಅವಳು ಬಿಸಿಲಿನಲ್ಲಿ ಮೆಟ್ಟಿಲ ಮೇಲೆ ಕೂತಿದ್ದಳು.

"ಪೂರ್ತಿ ಬರೆದಿಯಾ?"

"ಪೂರ್ತಿ."

ಅವಳು ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. ಆಮೇಲೆ, "ಎಂಟನೇ ಕ್ಲಾಸಿನ ಪರೀಕ್ಷೆ ದಿನ ನಾನು ಚಾಪೆಯಲ್ಲಿ ಹೊರಳ್ತಾ ಇದ್ದೆ ಮಗಾ. ಮತ್ತೆ ನನ್ನನ್ನು ಶಾಲೆಗೆ ಕಳಿಸ್ಲೇ ಇಲ್ಲ," ಎಂದು ಕೈ ಚಾಚಿದಳು. "ಆ ಪ್ರಶ್ನೆಪತ್ರಿಕೆ ಕೊಡು, ನೋಡ್ತೇನೆ."

ಪತ್ರಿಕೆಯನ್ನು ಅವಳ ಕೈಗಿಟ್ಟೆ. ಕ್ಯಾರಿಯರನ್ನು ನಾನು ಎತ್ತಿಕೊಂಡೆ. ಅವಳು ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೊಂದೇ ಪ್ರಶ್ನೆಯನ್ನು ಓದುತ್ತಾ ಬಂದಳು.