ಹಗ್ಗ ಹಿಡಿದವರಿಗೆ ಕೋಪವಿಲ್ಲ

ಕೈಯಲ್ಲಿ ಹಗ್ಗ, ಬಾಯಲ್ಲಿ ಪದ ಇದ್ದಲ್ಲಿ ಏನಾದರೊಂದು ಆಗಿಯೇ ಆಗ್ತದೆ. ನಮ್ಮ ಕಡಲಕರೆಯಲ್ಲಿ ಅಂಥದ್ದು ಆಗದ ವಾರವೇ ಇಲ್ಲ ಅನ್ನಿ. ನಾನು ಮೀನು ಮಾರುವವಳು. ನನ್ನ ಗಂಡ ಬಲೆ ಎಳೆಯುವ ತಂಡದಲ್ಲಿ ಪದ ಹೇಳುವವರು. ಅಂದರೆ ಅವರು ಒಂದು ಸಾಲು ಹೇಳುವುದು, ಉಳಿದವರು "ಐಲೇಸಾ" ಅಂತ ಒಟ್ಟಿಗೆ ಹಗ್ಗ ಎಳೆಯುವುದು. ಸಾಲುಗಳು ಹುಟ್ಟುವುದು ಅಲ್ಲೇ, ಆಗಲೇ. ಹೆಚ್ಚಿನವು ಹಗ್ಗ ಹಿಡಿದವರನ್ನೇ ತಮಾಷೆ ಮಾಡುವಂಥವು. ಒಬ್ಬನ ಹೊಟ್ಟೆ, ಇನ್ನೊಬ್ಬನ ಗೊರಕೆ, ಯಾವುದನ್ನೂ ಬಿಡುವುದಿಲ್ಲ. ಹಗ್ಗ ಕೈಯಲ್ಲಿರುವಾಗ ಯಾರೂ ಕೋಪ ಮಾಡಬಾರದು ಅಂತ ಹಿಂದಿನಿಂದಲೂ ಕ್ರಮ ಉಂಟು.

ಮದುವೆಯಾಗಿ ಇಲ್ಲಿಗೆ ಬಂದಂದಿನಿಂದ ನನಗೆ ಒಂದೇ ಆಸೆ. ಒಮ್ಮೆಯಾದರೂ ಆ ಪದ ನಾನು ಹೇಳಬೇಕು. ಸ್ವರಕ್ಕೆ ಎಂತ ಕಡಿಮೆ? "ಬಂಗುಡೆ" ಅಂತ ನಾನು ಕೆಳಗೆ ಕೂಗಿದರೆ ಮೂರನೇ ಮಾಳಿಗೆಯವರು ಪಾತ್ರೆ ಹಿಡಿದುಕೊಂಡು ಇಳಿದು ಬರ್ತಾರೆ. ಆದರೆ ನಮ್ಮ ತಂಡೇಲ ಒಪ್ಪಬೇಕಲ್ಲ. ದೋಣಿಗೆ ಅವನೇ ಹಿರಿಯ, ಅವನ ಮಾತೇ ನಡೆಯುವುದು. ಹೆಂಗಸು ಪದ ಹೇಳಿದರೆ ಹಗ್ಗ ಸಡಿಲ ಆಗ್ತದೆ ಅಂತ ಅವನ ವಾದ.

ಸೋಫಾ

ಒಮ್ಮೆ ಪೇಟೆಯ ಸಭಾಂಗಣದಲ್ಲಿ ಜಾನಪದ ಕಾರ್ಯಕ್ರಮ ಅಂತ ನಮ್ಮ ತಂಡವನ್ನು ಕರೆದರು. ಎಲ್ಲರೂ ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಹೋದರು. ವೇದಿಕೆ ಹತ್ತಿದರೆ ಪದವೇ ಬರ್ತಿಲ್ಲ. ಬರುವುದಾದರೂ ಹೇಗೆ, ಕೈ ಖಾಲಿ. ನನ್ನ ಗಂಡ ಮೈಕಿನಲ್ಲೇ ಒಂದು ಹಗ್ಗ ಉಂಟಾ ಅಂತ ಕೇಳಿದರು.

ಸಂಘಟಕರು ಓಡಿಹೋಗಿ ಹಗ್ಗ ತಂದರು. ಇನ್ನೊಂದು ತುದಿ ಕಟ್ಟಲಿಕ್ಕೆ ಬೇರೆ ಏನೂ ಕಾಣದೆ, ಅತಿಥಿಗಳು ಕೂತಿದ್ದ ಸೋಫಾದ ಕಾಲಿಗೆ ಕಟ್ಟಿದರು. ಸುಮ್ಮನೆ ಎಳೆದ ಹಾಗೆ ಮಾಡಿದರೆ ಸಾಕು ಅಂತ ಹೇಳಿಯೂ ಹೇಳಿದರು. ಆದರೆ ಎಳೆದ ಹಾಗೆ ಮಾಡುವುದು ನಮ್ಮವರಿಗೆ ಯಾರು ಕಲಿಸಿದ್ದಾರೆ? ಎರಡನೇ ಐಲೇಸಾಕ್ಕೆ ಸೋಫಾ ಹೊರಟಿತು. ಮೂರು ಮಂದಿ ಅತಿಥಿಗಳು, ಮಡಿಲಲ್ಲಿ ಹೂಗುಚ್ಛ, ಸೀದಾ ವೇದಿಕೆಯ ಆಚೆ ತುದಿಗೆ ಬಂದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದದ್ದೇ ಹೊಡೆದದ್ದು. ಯಾರೋ ವಿಡಿಯೊ ತೆಗೆದು ಇಂಟರ್ನೆಟ್ಟಿಗೂ ಹಾಕಿದರು.

ಕೆಳಗಿಳಿದ ಮೇಲೆ ತಂಡೇಲನಿಗೆ ಭಾರೀ ತೃಪ್ತಿ. ಬೆವರು ಒರೆಸಿಕೊಳ್ಳುತ್ತಾ, "ಇವತ್ತು ಒಳ್ಳೆ ತೂಕದ ಮೀನು ಸಿಕ್ಕಿತು ಮಾರಾಯ" ಅಂದ.

ಜಾಹೀರಾತು

ಆಮೇಲೆ ನನ್ನ ಗಂಡನ ಗಂಟಲು ಕೆಟ್ಟಿತು. ಡಾಕ್ಟರು ಕೂಗುವುದು ಬಿಡಿ, ಮಾತೇ ಆಡಬೇಡಿ ಅಂದರು. ನನಗೆ ಬೇಜಾರೂ ಆಯಿತು, ಸುಳ್ಳು ಯಾಕೆ ಹೇಳಲಿ, ಇನ್ನಾದರೂ ನನ್ನನ್ನು ಕರೀತಾರೆ ಅಂತ ಸಣ್ಣ ಆಸೆಯೂ ಹುಟ್ಟಿತು. ತಂಡೇಲ ಕರೆದದ್ದು ನನ್ನನ್ನಲ್ಲ. ಒಂದು ಸ್ಪೀಕರ್ ತಂದು ಮರಳಿನ ಮೇಲೆ ಇಟ್ಟು, ಮೊಬೈಲಿನಲ್ಲಿ ಆ ಸೋಫಾದ ವಿಡಿಯೊವನ್ನೇ ಹಾಕಿದ.

ಸುರುವಿಗೆ ಚಂದವೇ ಇತ್ತು. ಬಲೆ ಅರ್ಧ ಬಂದಿರಬಹುದು, ಪದ ನಿಂತು ಒಂದು ಹೆಂಗಸಿನ ಸ್ವರ ಬಂತು: "ನಿಮ್ಮ ತಲೆಕೂದಲು ಉದುರುತ್ತಿದೆಯೇ?"

ಎಲ್ಲರೂ "ಐಲೇಸಾ" ಅಂತ ಎಳೆದರು.

"ಚಿಂತೆ ಬಿಡಿ, ನಮ್ಮ ಎಣ್ಣೆ ಬಳಸಿ."

"ಐಲೇಸಾ."

ಜಾಹೀರಾತು ಮುಗಿಯುವಾಗ ಬಲೆ ದಡದಲ್ಲಿತ್ತು. ನಾನು ತಂಡೇಲನ ಹತ್ತಿರ ಹೋಗಿ, ಹೆಂಗಸಿನ ಸ್ವರಕ್ಕೆ ಹಗ್ಗ ಸಡಿಲ ಆಯಿತಾ ಅಂತ ಕೇಳಿದೆ. ಅವನು ತನ್ನ ಬೋಳು ತಲೆ ಸವರಿಕೊಂಡ.

ಬಸ್ಸು

ನಾನು ದೋಣಿಗಳು ಬಂದು ನಿಲ್ಲುವ ದಕ್ಕೆಯಿಂದ ಮೀನು ತೆಗೆದುಕೊಂಡು ಬಸ್ಸಿನಲ್ಲಿ ಕಾಟಿಪಳ್ಳಕ್ಕೆ ಮಾರಲಿಕ್ಕೆ ಹೋಗುವುದು. ಒಂದು ದಿನ ಕೂಳೂರು ಸೇತುವೆಯ ಮೇಲೆ ಬಸ್ಸು ಕೆಟ್ಟು ನಿಂತಿತು. ಹಿಂದೆ ಹಾರ್ನ್ ಹೊಡೆಯುವವರ ಸಾಲು. ಕಂಡಕ್ಟರ್ ಎಲ್ಲರನ್ನೂ ಇಳಿಸಿ ದೂಡಿಸಿದ. ಒಬ್ಬ ದೂಡುವಾಗ ಇನ್ನೊಬ್ಬ ಉಸಿರು ಬಿಡ್ತಾನೆ, ಬಸ್ಸು ಕದಲುವುದು ಹೇಗೆ? ನನಗೆ ನೋಡಲಿಕ್ಕೆ ಆಗಲಿಲ್ಲ. ಬುಟ್ಟಿ ಬಿಟ್ಟು ಇಳಿಯುವ ಹಾಗಿಲ್ಲ, ಹಾಗಾಗಿ ಮೆಟ್ಟಿಲಲ್ಲೇ ನಿಂತು ಪದ ಎತ್ತಿದೆ. ಪ್ಯಾಂಟು ಹಾಕಿದ ಆಫೀಸಿನವರೂ ಐಲೇಸಾ ಅಂದರು. ಮೂರು ಸಾಲಿಗೆ ಇಂಜಿನ್ ಹಿಡಿಯಿತು. ಮತ್ತೆಲ್ಲಿ ನಿಂತುಹೋಗ್ತದೋ ಅಂತ ಹೆದರಿ ಡ್ರೈವರ್ ಬ್ರೇಕನ್ನೇ ಮುಟ್ಟಲಿಲ್ಲ.

ಅವತ್ತು ಆ ಬಸ್ಸಿನಲ್ಲಿ ಕಾಟಿಪಳ್ಳ ಮುಟ್ಟಿದ್ದು ಡ್ರೈವರ್, ನಾನು, ಮತ್ತೆ ಬುಟ್ಟಿಯಲ್ಲಿದ್ದ ಬೂತಾಯಿ ಮೀನು.

ದೋಣಿ

ಮಳೆಗಾಲಕ್ಕೆ ಮೊದಲು ದೋಣಿಯನ್ನು ಮೇಲೆ ತಂದು ಇಡಬೇಕು. ಈಗ ಅದಕ್ಕೆ ಕ್ರೇನ್ ಬರ್ತದೆ. ಈ ವರ್ಷ ಬಂದ ಕ್ರೇನ್ ಮರಳಿನಲ್ಲಿ ಹೂತು ಕೂತಿತು. ದೋಣಿ ಅರ್ಧ ನೀರಿನಲ್ಲಿ, ಅರ್ಧ ಹೊರಗೆ. ಅಲೆ ಏರ್ತಾ ಇತ್ತು. ಇನ್ನು ಸ್ವಲ್ಪ ಹೊತ್ತು ಹೀಗೇ ಬಡಿದರೆ ಹಲಗೆ ಒಡೆಯುವುದು ಖಂಡಿತ, ಮತ್ತೆ ನಮ್ಮ ಯಾರ ಮನೆಯಲ್ಲೂ ಒಲೆ ಉರಿಯಲಿಕ್ಕಿಲ್ಲ.

ಗಂಡಸರು ಹಗ್ಗ ಹಿಡಿದರು. ಮೊಬೈಲಿಗೆ ಉಪ್ಪುನೀರು ಹೋಗಿ ಅದೂ ಸತ್ತಿತ್ತು. ತಂಡೇಲ ಒಂದು, ಎರಡು, ಮೂರು ಅಂತ ಎಣಿಸಿದ. ಕೆಲವರು ಎರಡಕ್ಕೆ ಎಳೆದರು, ಕೆಲವರು ಮೂರಕ್ಕೆ. ದೋಣಿ ಅಲುಗಲಿಲ್ಲ. ಆಗ ನನ್ನ ಗಂಡ ಸೀದಾ ನನ್ನ ಹತ್ತಿರ ಬಂದು, ಬೆವರು ಒರೆಸುವ ತನ್ನ ಬೈರಾಸನ್ನು ನನ್ನ ಹೆಗಲಿಗೆ ಹಾಕಿ, ಹೋಗಿ ಹಗ್ಗ ಹಿಡಿದರು. ತಂಡೇಲ ನನ್ನ ಮುಖ ನೋಡಿದ, ದೋಣಿಯ ಮುಖ ನೋಡಿದ, ತಾನೂ ಹೋಗಿ ಹಗ್ಗ ಹಿಡಿದ.

ಪದ ತುಳುವಿನಲ್ಲಿ ಹೇಳಿದ್ದು, ನಿಮಗೆ ಕನ್ನಡದಲ್ಲಿ ಹೇಳ್ತೇನೆ. ಮೊದಲ ಸಾಲೇ ಅವನಿಗೆ:

"ಕಡಲಿಗೆ ಹೆದರದ ತಂಡೇಲಣ್ಣ, ಜಿರಳೆ ಕಂಡರೆ ಮಂಚದ ಮೇಲೆ!"

ಕಡಲಕರೆಯಲ್ಲಿ ನಿಂತಿದ್ದ ಹೆಂಗಸರು ಬಿದ್ದು ಬಿದ್ದು ನಗಾಡಿದರು. ಐಲೇಸಾ, ದೋಣಿ ಅಲುಗಿತು. ಎರಡನೇ ಸಾಲು ಅದೇ ಹಗ್ಗ ಹಿಡಿದಿದ್ದ ನನ್ನ ಭಾವನಿಗೆ:

"ಶನಿವಾರ ಮೀನು ಮುಟ್ಟದ ಭಾವ, ತಂಗಿಯ ಮನೆಯಲ್ಲಿ ಸಿಗಡಿ ಸುಕ್ಕ!"

ಆಗ ಉಳಿದವರಿಗೆ ವಿಷಯ ತಲೆಗೆ ಹೋಯಿತು. ನಾನು ಎಲ್ಲರ ಅಂಗಳದಲ್ಲೂ ಕೂತು ಮೀನು ಕ್ಲೀನ್ ಮಾಡಿ ಕೊಡುವವಳು. ಇವರ ಹೆಂಡತಿಯರು ಆಗ ನನ್ನ ಹತ್ತಿರ ಹೇಳದ್ದು ಏನುಂಟು? ಹೆಸರು ಬಂದವರು ನಾಚಿಕೆಗೆ ಎಳೆದರು, ಬಾರದವರು ಹೆದರಿಕೆಗೆ ಎಳೆದರು. ತನ್ನ ಸರದಿ ಬರುವ ಮೊದಲು ದೋಣಿ ಮೇಲೆ ಬರಬೇಕು ಅಂತ ಒಬ್ಬೊಬ್ಬನ ಮುಖದಲ್ಲೂ ಕಾಣ್ತಿತ್ತು. ದೋಣಿ ಅಲೆಯ ಗೆರೆ ದಾಟಿತು, ಹೂತ ಕ್ರೇನನ್ನು ದಾಟಿತು, ಪ್ರತಿ ವರ್ಷ ಇಡುವ ಜಾಗವನ್ನೂ ದಾಟಿತು. ನನಗೆ ಖುಷಿಯಲ್ಲಿ ನಿಲ್ಲಿಸಲಿಕ್ಕೆ ಗೊತ್ತಾಗಲಿಲ್ಲ. ಕೊನೆಗೆ ತಂಡೇಲನೇ ಕೈ ಮುಗಿದ.

"ಸಾಕು ಅಕ್ಕ, ದೋಣಿ ರಸ್ತೆಗೆ ಬಂತು. ಇನ್ನು ಯಾವತ್ತೂ ಪದ ನೀವೇ ಹೇಳಿ. ಆದರೆ ಸ್ವಲ್ಪ ದಾಕ್ಷಿಣ್ಯ ಇರಲಿ."

ಹೆಂಗಸರು ಓಡಿಬಂದು ನನ್ನನ್ನು ಎತ್ತಿಕೊಳ್ಳುವುದೊಂದು ಬಾಕಿ. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂತು. ಮನೆಗೆ ಹೋಗುವ ದಾರಿಯಲ್ಲಿ ನನ್ನ ಗಂಡ ಡಾಕ್ಟರ ಮಾತು ಮೀರಿ, ನನ್ನ ಕಿವಿಯ ಹತ್ತಿರ ಮೆಲ್ಲಗೆ ಕೇಳಿದರು:

"ಎಲ್ಲರ ಬಗ್ಗೆ ಹೇಳಿದೆ. ನನ್ನ ಬಗ್ಗೆ ಯಾಕೆ ಒಂದು ಸಾಲೂ ಇಲ್ಲ?"

"ಅದನ್ನು ಇದಕ್ಕಿಂತ ದೊಡ್ಡ ದೋಣಿಗೆ ಅಂತ ಇಟ್ಟಿದ್ದೇನೆ" ಅಂದೆ.