ಅವ್ವನ ವಿಮಾನ ಮತ್ತು ನನ್ನ ಉದ್ರಿ ಕಾರ್ಡು

ವಾದದಲ್ಲಿ ನನ್ನನ್ನು ಸೋಲಿಸುವವರು ರಾಣೆಬೆನ್ನೂರಿನಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ನಂಬಿದ್ದ ಕಾಲವದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ಅವ್ವನ ಅಡುಗೆಮನೆಯಲ್ಲಿ ಸಾಸಿವೆ, ಜೀರಿಗೆ ತುಂಬಿಕೊಂಡು ಅದಕ್ಕೆ ಸಾಕ್ಷಿಯಾಗಿ ನಿಂತಿದ್ದವು. ಅಂಥ ನಾನು, ಇಸ್ಪೀಟಿನ ಎಲೆಯಷ್ಟೂ ಇಲ್ಲದ ಒಂದು ಪ್ಲಾಸ್ಟಿಕ್ ತುಂಡಿಗೆ ಸೋತೆ. ಅದೂ ಅದು ಕೈಗೆ ಸಿಗದೆಯೇ!

ಆಗ ನಾನು ಮಸ್ಕತ್ತಿನ ಒಂದು ಶಾಲೆಯಲ್ಲಿ ಗಣಿತದ ಟೀಚರು. ಜೊತೆಗಿದ್ದ ಕೇರಳದ ಟೀಚರೊಬ್ಬಳು ಕ್ರೆಡಿಟ್ ಕಾರ್ಡಿನ ಪಾಯಿಂಟುಗಳನ್ನು ಕೂಡಿಸಿ, ಪುಕ್ಕಟೆ ಟಿಕೆಟ್ಟಿನಲ್ಲಿ ತನ್ನ ತಾಯಿಯನ್ನು ಕರೆಸಿಕೊಂಡಳು. ನಮ್ಮ ಅವ್ವ ಕುಮಾರಪಟ್ಟಣದ ಹೊಳೆ ದಾಟಿ ಆಚೆ ಹೋದದ್ದೇ ಅಪರೂಪ. ಅವಳು ವಿಮಾನ ನೋಡುತ್ತಿದ್ದುದು ಹಪ್ಪಳ ಒಣಹಾಕುವಾಗ, ಮಾಳಿಗೆಯ ಮೇಲಿಂದ ತಲೆಯೆತ್ತಿ. ಅವಳನ್ನು ಅದರೊಳಗೇ ಕೂರಿಸಬೇಕು ಎಂಬ ಹುಳು ನನ್ನ ತಲೆ ಹೊಕ್ಕಿತು. ಹುಳು ಹೊಕ್ಕ ಮೇಲೆ ನಾನು ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ.

ಮಸ್ಕತ್ತಿನ ಬ್ಯಾಂಕು, "ನೀವು ಪರದೇಶದವರು, ಈ ಸಂಬಳಕ್ಕೆ ಅಂಥ ಕಾರ್ಡು ಬರುವುದಿಲ್ಲ" ಎಂದಿತು. ರಜೆಗೆ ಬಂದಾಗ ರಾಣೆಬೆನ್ನೂರಿನ ಬ್ಯಾಂಕು, "ನೀವು ಪರದೇಶದಲ್ಲಿರುವವರು, ಇಲ್ಲಿ ಬರುವುದಿಲ್ಲ" ಎಂದಿತು. ಅರಬ್ಬೀ ಸಮುದ್ರದ ಎರಡೂ ದಂಡೆಗೆ ನಾನು ಹೊರಗಿನವಳು!

ಸುಮ್ಮನೆ ಎದ್ದು ಬರಲು ನಾನೇನು ಸಮಾಧಾನಕರ ಬಹುಮಾನದವಳೇ? ಮ್ಯಾನೇಜರರ ಎದುರಿನ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ.

"ನಾ ಕಳಿಸಿದ ರೊಕ್ಕ ನಿಮ್ಮ ಬ್ಯಾಂಕಿನ್ಯಾಗ ಇರಬಹುದು. ನಾನು ಮಾತ್ರ ಪರದೇಶದಾಕಿ. ಇದು ಯಾವ ನ್ಯಾಯರಿ ಸರ?"

ಅವರು ಕನ್ನಡಕ ತೆಗೆದು ಒರೆಸಿದರು. ಗಡಿಯಾರ ನೋಡಿದರು. "ಹಾವೇರಿಗೆ ಹೋಗ್ರಿ ತಂಗಿ. ಅಲ್ಲೊಂದು ಕಾರ್ಡಿನ ಆಫೀಸ್ ಐತಿ. ಹೊರದೇಶದಾಗ ಇರೋರಿಗೂ ಕೊಡ್ತಾರಂತ. ಲಗೂ ಹೋಗ್ರಿ."

ವಾದ ಗೆದ್ದೆನೆಂದು ಬೀಗುತ್ತ ಹೊರಬಂದೆ. ಅವರಿಗೆ ಊಟದ ಹೊತ್ತಾಗಿತ್ತು ಎಂಬುದು ಆಮೇಲೆ ಹೊಳೆಯಿತು.

ಹಾವೇರಿಯ ಆಫೀಸಿನ ಹುಡುಗಿ ನನ್ನ ಕಾಗದಗಳನ್ನೆಲ್ಲ ತೆಗೆದುಕೊಂಡು ಹೇಳಿದಳು: "ನಮ್ಮವರೊಬ್ರು ಮನಿಗೆ ಬಂದು ವಿಚಾರ ಮಾಡ್ತಾರ್ರಿ ಅಕ್ಕಾರ. ಮನ್ಯಾಗ ಹೇಳಿಡ್ರಿ."

"ದಾಖಲೆ ಇಷ್ಟದಾವಲ್ಲ! ಮತ್ತ ಮಂದೀನ್ಯಾಕ ಕೇಳೂದು? ದಾಖಲೆ ದೊಡ್ಡದೋ, ಬಾಯಿಮಾತು ದೊಡ್ಡದೋ?"

"ದಾಖಲೆನ ದೊಡ್ಡದ್ರಿ" ಎಂದಳು, ನನ್ನ ಹಿಂದಿದ್ದ ಸಾಲನ್ನು ನೋಡುತ್ತ.

ಇನ್ನೊಂದು ಗೆಲುವು! ಹಾಗಾಗಿ ಮನೆಯಲ್ಲಿ ಹೇಳಲಿಲ್ಲ. ಹೇಳುವಂತೆಯೂ ಇರಲಿಲ್ಲವೆನ್ನಿ. ಅಪ್ಪನದು ಬೀಜದ ಅಂಗಡಿ. "ಇಂದು ರೋಖ, ನಾಳೆ ಉದ್ರಿ" ಎಂಬ ಬೋರ್ಡಿನ ಕೆಳಗೇ ಕೂತು ತಲೆ ನರೆಸಿದ ಮನುಷ್ಯ. ಮಗಳು ಉದ್ರಿ ಸಾಲವನ್ನು ಪರ್ಸಿನಲ್ಲೇ ಇಟ್ಟುಕೊಂಡು ತಿರುಗುತ್ತಾಳೆಂದರೆ ಊಟ ಬಿಡುತ್ತಿದ್ದರು. ಅವ್ವನಿಗಂತೂ ಟಿಕೆಟ್ಟು ಕೈಗಿಟ್ಟೇ ಹೇಳಬೇಕೆಂದುಕೊಂಡಿದ್ದೆ.

ರಜೆ ಕರಗುತ್ತಿತ್ತು, ಕಾರ್ಡಿನ ಸುದ್ದಿ ಇರಲಿಲ್ಲ. ಪೋಸ್ಟಿನವನ ಸೈಕಲ್ ಗಂಟೆಗೆ ಬಾಗಿಲಿಗೆ ಓಡುವುದು, ಪೆಚ್ಚಾಗಿ ಒಳಗೆ ಬರುವುದು. ಮೂರು ದಿನಕ್ಕೆ ತಡೆಯಲಾರದೆ ಬ್ಯಾಡಗಿಯ ರೈಲು ಹತ್ತಿದೆ. ಅಲ್ಲಿ ನನ್ನ ಸೋದರಮಾವನದು ಮೆಣಸಿನಕಾಯಿ ವ್ಯಾಪಾರ. ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸುವುದೆಂದರೆ ಇದೇ.

"ಮಾವ, ನಿನ್ನ ಮನಿ ಖರ್ಚೆಲ್ಲಾ ನನ್ನ ಕಾರ್ಡಿನ ಮ್ಯಾಲೆ ಮಾಡು. ರೊಕ್ಕ ನನಗ ಕೊಡು. ಪಾಯಿಂಟ್ ನನಗ ಬರ್ತಾವ."

"ಎಲ್ಲೈತಿ ಕಾರ್ಡು?"

"ಬರೂದೈತಿ."

"ಬೆಳೀನೂ ಬರೂದೈತಿ ಅಂತನ ಹೇಳ್ತಾರವಾ ಎಲ್ಲಾರೂ. ನಾ ಚೀಲ ಬಿಚ್ಚಿ ಕಾಯಿ ನೋಡಿದ ಮ್ಯಾಲೆನ ಮಾತಾಡಾಂವ."

ಇದಕ್ಕೆ ನನ್ನ ಬಳಿ ಖಡಕ್ ಉತ್ತರವಿತ್ತು. ಬಾಯಿ ತೆರೆದೆ. ಆಗಲೇ ಹಮಾಲರು ಪಕ್ಕದಲ್ಲಿ ಮೆಣಸಿನಕಾಯಿಯ ಚೀಲ ಸುರುವಿದರು. ಮುಂದೆ ನಾನು ಮಂಡಿಸಿದ್ದೆಲ್ಲ ಬರೀ ಸೀನು! ಮಾವ ನೀರು ಕೊಟ್ಟು, ರೈಲಿಗೆ ಹತ್ತಿಸಿ ಕಳಿಸಿದ.

ಸಂಜೆ ಮನೆಗೆ ಬಂದರೆ ತುಪ್ಪದ ಘಮ. ಅವ್ವ ಟ್ರಂಕಿನೊಳಗಿನ ಇಳಕಲ್ಲ ಸೀರೆ ಉಟ್ಟಿದ್ದಳು.

"ಬಂದಿದ್ರು!" ಎಂದಳು, ಕಣ್ಣರಳಿಸಿ.

"ಯಾರು?"

"ನಿನ್ನ ವಿಚಾರ್ಸಾಕ. ಹಾವೇರಿಯವರು, ಬಣಕಾರ ಅಂತ. ಭಾಳ ಮರ್ಯಾದಸ್ಥರು. ಎರಡು ಸಲ ಶಿರಾ ಹಾಕಿಸ್ಕೊಂಡ್ರು."

ಮದುವೆಯ ವಾಸನೆ ಬಡಿದದ್ದೇ ನಾನು ವೇದಿಕೆ ಏರಿಬಿಟ್ಟೆ. ಹೆಣ್ಣಿನ ಸ್ವಾತಂತ್ರ್ಯ, ಒಪ್ಪಿಗೆಯ ಹಕ್ಕು, ಕನ್ಯಾಪರೀಕ್ಷೆಯೆಂಬ ಅನಿಷ್ಟ! ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತ ಕೇಳಿದಳು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಹೇಳಿದಳು:

"ಮುಗೀತೇನು? ನಾ ಸಹಿ ಮಾಡಿ ಕೊಟ್ಟೇನಿ."

"ಕನ್ಯಾ ಕೇಳಾಕ ಬಂದೋರು ಸಹಿ ತಗೋತಾರೇನವ್ವಾ?"

"ಓದಿದ ಮಂದಿ. ಈಗಿನ ಪದ್ಧತಿ ಹಂಗಿರಬೇಕಂತ ತಿಳ್ಕೊಂಡೆ."

ಹಾವೇರಿ. ವಿಚಾರಣೆ. ಸಹಿ. ಕಾರ್ಡಿನ ಆಫೀಸಿನ ಹುಡುಗಿಯ ಮಾತು ನೆನಪಾಯಿತು. "ಏನೇನು ಕೇಳಿದ್ರು?"

"ಏನ್ ಕೇಳ್ತಾರ? ಮನಿ ಸ್ವಂತದ್ದೋ, ಬಾಡಗಿದೋ? ಎಷ್ಟು ವರ್ಷಾತು ಇಲ್ಲಿದ್ದು? ನಿನ್ನ ವಯಸ್ಸೆಷ್ಟು, ಪಗಾರೆಷ್ಟು? ಗಂಗಕ್ಕನ ಮನಿಗೂ ಹೋಗಿ ನಿನ್ನ ನಡತಿ ಕೇಳಿದ್ರು. ಎಲ್ಲಾ ಚೊಲೋನ ಹೇಳೇವಿ ತಗೋ."

ಚೊಲೋ ಎಂದರೆ ಹೀಗೆ: ವಯಸ್ಸಿನಲ್ಲಿ ಮೂರು ವರ್ಷ ಕಡಿತ. ಪಗಾರ ಅರ್ಧ, ಏಕೆಂದರೆ "ಹೆಣ್ಣಿನ ಗಳಿಕಿ ಹೆಚ್ಚಂದ್ರ ಗಂಡಿನ ಕಡಿಯವರು ಹಿಂದ ಸರೀತಾರ." ಮಸ್ಕತ್ತನ್ನು ಹುಡುಗಿ ಕಾಯಂ ಆಗಿ ಬಿಟ್ಟು ಬಂದಿದ್ದಾಳೆ, ಇನ್ನು ಹೊಳ್ಳಿ ಹೋಗುವುದಿಲ್ಲ. ಇದರ ಮೇಲೆ, ಪಕ್ಕದ ಮನೆಯ ಗಂಗಕ್ಕನ ಕಾಣಿಕೆ: "ಎದುರು ಮಾತಾಡೂದಂದ್ರ ಏನಂತ ಆ ಹುಡುಗಿಗೆ ಗೊತ್ತಿಲ್ರಿ."

ದಾಖಲೆಯೇ ದೊಡ್ಡದು ಎಂದು ವಾದಿಸಿದ್ದೆನಲ್ಲ? ಇಗೋ ದಾಖಲೆ. ಹೆತ್ತ ತಾಯಿಯ ಸಹಿಯೊಂದಿಗೆ!

"ಅವ್ವಾ, ಅವರು ಗಂಡಿನ ಕಡಿಯವರಲ್ಲ, ಕಾರ್ಡಿನ ಕಡಿಯವರು!" ಎಂದು ಎಲ್ಲವನ್ನೂ ಹೇಳಿದೆ. ಪಾಯಿಂಟು, ಟಿಕೆಟ್ಟು, ವಿಮಾನ, ಕಿಟಕಿಯ ಸೀಟು.

ಅವ್ವ ಮೊರ ಕೆಳಗಿಟ್ಟಳು. "ನನಗಾ? ವಿಮಾನಾ?" ಎಂದು ಮಾಳಿಗೆಯ ಕಡೆ ನೋಡಿದಳು. ಆಮೇಲೆ ನನ್ನ ಮೇಲೇ ಸಿಟ್ಟಾದಳು. "ಮೊದ್ಲ ಹೇಳಾಕೇನಾಗಿತ್ತು ನಿನಗ? ಪಗಾರ ಡಬಲ್ ಹೇಳ್ತಿದ್ನಲ್ಲ!"

ಬೆಳಗಿನ ಮೊದಲ ಬಸ್ಸಿಗೆ ಹಾವೇರಿ. ಬಣಕಾರರು ಹಣೆಗೆ ವಿಭೂತಿ ಹಚ್ಚಿದ, ಮೆಲುದನಿಯ ಹಿರಿಯರು. ಅವರ ಮೇಜಿನ ಮೇಲೆ ಪಾಸ್‌ಪೋರ್ಟು, ಸಂಬಳದ ಚೀಟಿ, ಮಸ್ಕತ್ತಿಗೆ ಹಿಂತಿರುಗುವ ಟಿಕೆಟ್ಟು ಒಂದೊಂದಾಗಿ ಬಡಿದಿಟ್ಟೆ. ಮೊದಲನೆಯದಾಗಿ ಎಂದೆ. ಎರಡನೆಯದಾಗಿ ಎಂದೆ. ಏಳನೆಯದಾಗಿ ಎನ್ನುವ ಹೊತ್ತಿಗೆ ಕೆಳಗಿನ ಚಹಾದ ಅಂಗಡಿಯವರೂ ಮೆಟ್ಟಿಲ ಮೇಲೆ ಬಂದು ನಿಂತಿದ್ದರು. ಸಭೆ ಕಂಡರೆ ನನ್ನ ದನಿ ತಾನಾಗಿಯೇ ಏರುತ್ತದೆ. ಹಳೆಯ ಚಟ.

ಬಣಕಾರರು ಪೂರ್ತಿ ಕೇಳಿದರು. "ಕಾಗದ ಎಲ್ಲಾ ಸರಿ ಅದಾವ್ರಿ. ಆದ್ರ ತಾಯಿ ಒಂದ್ ಹೇಳ್ತಾರ, ಮಗಳು ಒಂದ್ ಹೇಳ್ತಾಳ. ವರದಿ ನಿನ್ನೇನ ಮ್ಯಾಲಕ್ಕ ಹೋತು. ಕಾರ್ಡ್ ಆಗೂದಿಲ್ರಿ."

"ಇದು ಅನ್ಯಾಯ! ನಾ ಇದನ್ನ..."

"ಇನ್ನೊಂದು ಮಾತೈತ್ರಿ ತಂಗಿ." ಅವರು ದನಿ ತಗ್ಗಿಸಿದರು. "ನಿಮ್ಮ ತಾಯಿಯವರ ಮಾತು ಕೇಳಿದೆ, ಗಂಗಕ್ಕಾರ ಮಾತು ಕೇಳಿದೆ. ಇಂಥಾ ಶಾಂತ ಹುಡುಗಿ ಸಿಗೂದಿಲ್ಲಂತ ನಮ್ಮ ಅಕ್ಕನ ಮಗಗ ನಿನ್ನೆ ಫೋನ್ ಮಾಡಿದ್ದೆ."

ಅವರು ಮೆಟ್ಟಿಲ ಮೇಲೆ ನೆರೆದಿದ್ದ ಸಭೆಯತ್ತ ನೋಡಿದರು.

"ಇವತ್ತ ಇನ್ನೊಮ್ಮಿ ಫೋನ್ ಮಾಡಿ, ಬ್ಯಾಡ ಅಂತ ಹೇಳ್ತೀನ್ರಿ."

ಎಂಟನೆಯ ಅಂಶವನ್ನು ಅಲ್ಲೇ ಬಿಟ್ಟು, ಕಾಗದಗಳನ್ನು ಬಾಚಿಕೊಂಡು ಮೆಟ್ಟಿಲಿಳಿದೆ.

ಮನೆಯ ಕಟ್ಟೆಯ ಮೇಲೆ ಅವ್ವ ಮತ್ತು ಗಂಗಕ್ಕ ಕಾಯುತ್ತ ಕೂತಿದ್ದರು.

"ಏನಂದ್ರು?"

"ಒಲ್ಲೆ ಅಂದ್ರು."

"ಯಾರು, ಕಾರ್ಡಿನವರಾ?"

"ಕಾರ್ಡಿನವರು ಒಲ್ಲೆ ಅಂದ್ರು. ಬಣಕಾರರ ಅಕ್ಕನ ಮಗಾ ಒಬ್ಬಾಂವ ಇದ್ನಂತ. ನನ್ನ ಮಾತು ಕೇಳಿ, ಅವಗೂ ನಾ ಬ್ಯಾಡಂದ್ರು."

"ಅಯ್ಯ ಶಿವನ! ನಾ ಅಷ್ಟು ಚೊಲೋ ಹೇಳಿದ್ನಲ್ಲವಾ!" ಎಂದಳು ಗಂಗಕ್ಕ.

ತಪ್ಪು ಯಾರದೆಂದು ಸಾಬೀತುಪಡಿಸಲು ನಾನು ಗಂಟಲು ಸರಿಮಾಡಿಕೊಂಡೆ. ಅವ್ವ ಕೈ ಎತ್ತಿ ತಡೆದಳು. "ಸಾಕು ಬಿಡು. ಕಾರ್ಡು ನನ್ನ ಬಾಯಿಂದ ಹೋತು, ಗಂಡು ನಿನ್ನ ಬಾಯಿಂದ ಹೋತು. ಲೆಕ್ಕ ಸರಿ ಆತು. ವಿಮಾನ ನಾ ಮಾಳಿಗಿ ಮ್ಯಾಲಿಂದನ ನೋಡ್ತೀನಿ ತಗೋ."

ನಾನು ಗಣಿತದ ಟೀಚರು. ಆ ಲೆಕ್ಕದಲ್ಲಿ ತಪ್ಪು ಹುಡುಕುತ್ತ ಸಂಜೆಯವರೆಗೂ ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದೆ. ಸಿಗಲಿಲ್ಲ.