ಹಿತ್ತಲ ಬಾಗಿಲಿನ ಬೋರ್ಡು

ತನ್ನ ಅಕ್ಷರಗಳಿಗೆ ಈ ಊರಿನಲ್ಲಿ ಬೆಲೆಯಿಲ್ಲ ಎಂಬುದು ಅಕ್ಷರಶಿಲ್ಪಿಯ ಹಳೆಯ ಕೊರಗು. (ಬಿರುದು ಅವನೇ ಕೊಟ್ಟುಕೊಂಡದ್ದು; ಕೆಲಸ ಮುದ್ರಣಾಲಯದಲ್ಲಿ ಪುಟ ಜೋಡಿಸುವುದು.) ಕಂಪ್ಯೂಟರಿನ ಮುಂದೆ ವರ್ಷಗಟ್ಟಲೆ ಕೂತು ಒಂದು ದಪ್ಪನೆಯ ಅಲಂಕಾರದ ಅಕ್ಷರಮಾಲೆ ರಚಿಸಿದ್ದ. ಪ್ರತಿ ಗೆರೆಯ ತುದಿಗೂ ಚೂಪಾದ ಪಾದ, ಪ್ರತಿ ಅಕ್ಷರದ ಹೊಟ್ಟೆಯೊಳಗೂ ಒಂದು ಬಳ್ಳಿ. ಹೆಸರು 'ಸಾರ್ವಭೌಮ'. ರಾಜ್ಯವೊಂದು ಸಿಗುವುದಷ್ಟೇ ಬಾಕಿಯಿತ್ತು.

ಅಷ್ಟರಲ್ಲಿ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ತೆರೆದಳು. ಹರಿದದ್ದು ಹೊಲಿಯುವುದು, ಬಿಗಿಯಾದದ್ದು ಸಡಿಲಿಸುವುದು, ಜಿಪ್ಪು ಹಾಕುವುದು. ಬಹುದಿನದ ಆಸೆ.

"ಬೋರ್ಡು ನಾನು ಮಾಡ್ತೀನಿ."

"ಓದೋ ಹಾಗಿದ್ರೆ ಸಾಕು ರೀ."

"ಓದೋಕೆ ಯಾರ ಅಕ್ಷರ ಆದ್ರೂ ಆಗುತ್ತೆ ಕಣೇ. ಇದನ್ನ ನಿಂತು ನೋಡ್ಬೇಕು."

ಜನ ನಿಂತು ನೋಡಿದರು. ನೋಡಿ ಹೊರಟುಹೋದರು. ಕಡುಗೆಂಪಿನ ಮೇಲೆ ಹೊನ್ನಿನ ಬಣ್ಣದಲ್ಲಿ ವಿರಾಜಮಾನವಾಗಿದ್ದ 'ಹೊಲಿಗೆ ಮನೆ'ಯನ್ನು ಕಂಡು ಒಬ್ಬ ಅಜ್ಜಿ ಹರಿದ ದಿಂಬಿನ ಚೀಲವನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು ಮುಂದೆ ನಡೆದಳು. ಒಳಗೆ ಬಂದ ಒಬ್ಬನೇ ಒಬ್ಬ, ಚಿನ್ನದ ಸರಕ್ಕೆ ಬೆಸುಗೆ ಹಾಕುತ್ತೀರಾ ಎಂದು ಕೇಳಿದ.

"ಅದನ್ನ ಇಳಿಸೋಣ ರೀ. ನೋಡಿದವ್ರಿಗೆ ತಮ್ಮ ಹರಿದ ಪ್ಯಾಂಟಿನ ಬಗ್ಗೇನೇ ನಾಚಿಕೆ ಬರ್ತಿದೆ."

"ಕಣ್ಣು ಪಳಗ್ಬೇಕು. ಸ್ವಲ್ಪ ತಡಿ."

"ಅಷ್ಟರಲ್ಲಿ ಮಿಷಿನ್ನಿಗೆ ತುಕ್ಕು ಹಿಡಿಯುತ್ತೆ."

ಆಮೇಲೆ ಅವಳು ಬೋರ್ಡಿನ ಮಾತೆತ್ತಲಿಲ್ಲ. ಒಪ್ಪಿದಳು ಎಂದುಕೊಂಡ. (ಇಷ್ಟು ವರ್ಷ ಸಂಸಾರ ಮಾಡಿಯೂ ಹೆಂಡತಿಯ ಮೌನ ಓದಲು ಬಾರದವನು ಊರಿನ ಕಣ್ಣು ಪಳಗಿಸಲು ಹೊರಟಿದ್ದ.)

ಒಂದು ಮಧ್ಯಾಹ್ನ ಬೋರ್ಡಿನ ಫೋಟೋ ತೆಗೆಯಲೆಂದು ಮುದ್ರಣಾಲಯದಿಂದ ಫೈಲು ಹಿಡಿದು ಬೇಗ ಬಂದರೆ ಅಂಗಡಿ ಮುಚ್ಚಿತ್ತು. ಹೊಲಿಯುತ್ತಿದ್ದ ಅವಳ ಕೈಯನ್ನು ನಾನೇ ಕಟ್ಟಿಹಾಕಿದೆನೇ? ಆದರೂ ಏಣಿ ಹತ್ತಿ ಸಾರ್ವಭೌಮನ ಪಾದಧೂಳಿ ಒರೆಸತೊಡಗಿದ. ಕೊನೆಯ ಅಕ್ಷರಕ್ಕೆ ಬಾಗಿದಾಗ ಪ್ಯಾಂಟು ಹಿಂದೆ ಪರ್ರೆಂದಿತು.

ಫೈಲನ್ನು ಹಿಂದಕ್ಕೆ ಹಿಡಿದು, ಗೋಡೆ ಸವರಿಕೊಂಡು, ಓಣಿಯಿಂದ ಹಿತ್ತಲಿಗೆ ಬಂದ. ಅವನದೇ ಹಿತ್ತಲ ಬಾಗಿಲಲ್ಲಿ ಜನ ಸಾಲು ನಿಂತಿದ್ದರು. ಮೇಲೊಂದು ರಟ್ಟು. ಬಟ್ಟೆಗೆ ಗುರುತು ಹಾಕುವ ಸುಣ್ಣದ ಕಡ್ಡಿಯಿಂದ ಬರೆದ ಸೊಟ್ಟ ಅಕ್ಷರ: 'ಹರಿದದ್ದು ತನ್ನಿ.' ಒಳಗೆ ಮಿಷಿನ್ನು ಓಡುತ್ತಿತ್ತು.

ಸಾಲಿನ ಕೊನೆಯಲ್ಲಿದ್ದ ಆ ದಿಂಬಿನ ಅಜ್ಜಿ ಫೈಲನ್ನೂ ಅವನ ಮುಖವನ್ನೂ ನೋಡಿದಳು. "ಸರಿಯಾದ ಕಡೆಗೇ ಬಂದೆ ಬಿಡಪ್ಪ. ಮುಂದಿನ ಬೀದೀಲಿ ಯಾವುದೋ ದೊಡ್ಡ ಅಂಗಡಿ ಇದೆ. ಅಕ್ಷರ ನೋಡಿದ್ರೇ ಗೊತ್ತಾಗುತ್ತೆ, ನಮ್ಮಂಥೋರಿಗಲ್ಲ ಅಂತ."

ಹೊಲಿದ ಕೋಟು ಕೊಡಲು ಬಾಗಿಲಿಗೆ ಬಂದ ಹೆಂಡತಿ ಅವನನ್ನು ಕಂಡಳು.

"ಎಲ್ಲಿ ಹರಿದಿದೆ?"

"ಹಿಂದೆ."

ಅವಳು ನಗಲಿಲ್ಲ. ನಕ್ಕಿದ್ದರೆ ಹಗುರಾಗುತ್ತಿತ್ತು.

"ಬೋರ್ಡು ಇಳಿಸಿಬಿಡ್ತೀನಿ," ಎಂದ ಮೆಲ್ಲಗೆ.

"ಬೇಡ ರೀ, ಅಷ್ಟು ಕಷ್ಟಪಟ್ಟು ಮಾಡಿದ್ದೀರಿ. ಅದಿದ್ರೆ ಆ ಕಡೆಯಿಂದ ಯಾರೂ ಬರೋದೂ ಇಲ್ಲ. ಊಟ ಆದ್ಮೇಲೆ ಆ ಮುಂದಿನ ಕೋಣೇಲಿ ಒಂದು ಗಳಿಗೆ ಮಲಗ್ತೀನಿ. ಒಳಗೆ ಹೋಗಿ ಬಿಚ್ಚಿಕೊಡಿ."

ಸಾರ್ವಭೌಮನ ಒಡೆಯ ಟವೆಲ್ಲು ಸುತ್ತಿಕೊಂಡು ಬಚ್ಚಲಲ್ಲಿ ಕೂತ. ಮಿಷಿನ್ನು ಮತ್ತೆ ಓಡತೊಡಗಿತು. ಅವನ ಪ್ಯಾಂಟಿನ ಮೇಲಲ್ಲ. ಸಾಲಿನಲ್ಲಿ ಅಜ್ಜಿಯ ದಿಂಬಿನ ಚೀಲವೂ ಅವನಿಗಿಂತ ಮುಂದಿತ್ತು.